ಅಜ್ಜಿಯ ಕರಡಿಗೆ

ಹುಡುಗಿಯರ ಹಾಸ್ಟೆಲ್, ಮೈಸೂರು
ಸೋಮವಾರ, ೧೪ ನವೆಂಬರ್ ೧೯೬೦

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಒಳ್ಳೆಯ ಸುದ್ದಿಯೊಂದನ್ನು ಸೇರಿಸಿಯೇ ಬರೆಯೋಣ ಅಂತ ಕಾಯುತ್ತಿದ್ದೆ. ಅದು ಇನ್ನು ಬರುವುದಿಲ್ಲ. ಕೂನೂರಿನಲ್ಲಿ ಚಳಿ ಜೋರಾಗಿರಬೇಕು. ಆಸ್ಪತ್ರೆ ಕೆಲಸಕ್ಕೆ ಹೋಗುವಾಗ ನನ್ನ ಹಳೇ ಸ್ವೆಟರನ್ನಾದರೂ ಹಾಕಿಕೊ.

ಗಾಬರಿಯಾಗಬೇಡ. ನಾನು ಅಜ್ಜಿಯನ್ನು ಕಂಡೆ. ನಿನ್ನ ಅವ್ವನನ್ನು.

ಲಕ್ಷ್ಮೀಪುರಂನ ಮಹಿಳಾ ಸಮಾಜದಲ್ಲಿ ಶನಿವಾರ, ಭಾನುವಾರ ಬೆಳ್ಳಿ ಒಡವೆ ಮಾಡುವುದನ್ನು ಕಲಿಸುತ್ತಾರೆ. ಹಾಸ್ಟೆಲಿನಲ್ಲಿ ಒಬ್ಬಳೇ ಕೂತಿರಲಾರದೆ ಸೇರಿಕೊಂಡಿದ್ದೆ. ಪಕ್ಕದ ಕೋಣೆಗೆ ವಚನ ಹಾಡಲು ಬರುವ ಅಜ್ಜಿಯೊಬ್ಬರು ನನ್ನನ್ನೇ ನೋಡುತ್ತಿದ್ದರು. ಹೋದ ವಾರ ಹತ್ತಿರ ಬಂದು ನನ್ನ ಗದ್ದ ಹಿಡಿದೆತ್ತಿ, "ನೀನು ಪ್ರೇಮಲೀಲನ ಮಗಳಲ್ವೇನೆ? ಕಣ್ಣು ಆ ದೊರೇದು, ಗದ್ದ ನಮ್ಮದೇ" ಅಂದರು. ಇಬ್ಬರೂ ಅತ್ತೆವು.

ಈ ಶನಿವಾರ ಅವರು ಕೊರಳಿನ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಅದನ್ನಿಡುವ ಬೆಳ್ಳಿಯ ಕರಡಿಗೆಯನ್ನು ನನ್ನ ಕೈಗಿಟ್ಟರು. ದಾರ ಪೋಣಿಸುವ ಉಂಗುರ ಕಿತ್ತುಹೋಗಿತ್ತು. "ನಿನ್ನ ಕೈಯಾರೆ ಬೆಸೆದು ತಾ ಮಗಾ, ಬೇರೆಯವ್ರ ಕೈ ಹಾಕಿಸ್ಬೇಡ. ಸೋಮವಾರ ಪೂಜೆಗೆ ಕೂತಾಗ ನಿಮ್ಮಜ್ಜ ಯಾರು ಮಾಡಿದ್ದು ಅಂತ ಕೇಳೇ ಕೇಳ್ತಾರೆ. ನಿಮ್ಮ ಮೊಮ್ಮಗಳು ಅಂತೀನಿ. ಆಮೇಲೆ ಎಂಗೆ ಬೇಡ ಅಂತಾರೋ ನೋಡೇಬುಡ್ತೀನಿ" ಅಂದರು.

ಅಪ್ಪನನ್ನು ಮದುವೆಯಾದ ದಿನದಿಂದ ನಿನಗೆ ಮುಚ್ಚಿದ ಮನೆ ಅದು. ಅಪ್ಪ ಇಂಗ್ಲೆಂಡಿಗೆ ಹೋದ ಮೇಲೂ ತೆರೆಯಲಿಲ್ಲ. ನನ್ನ ಕೈಯಿಂದ ತೆರೆಯುತ್ತದೆ ಅಂದುಕೊಂಡೆ, ಅಮ್ಮಾ.

ಕಲಿಸುವ ಕಾಳಾಚಾರ್ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, "ಮನೆಯಿಂದ ಹಳೇ ಬೆಳ್ಳಿ ತಂದ್ರೆ ನನಗೆ ತೋರಿಸ್ದೆ ಬೆಂಕಿಗೆ ಹಿಡೀಬೇಡ್ರವ್ವಾ" ಅಂತ. ನಾನು ತೋರಿಸಲಿಲ್ಲ. ಮೊದಲೇ ಪಕ್ಕದಲ್ಲಿ ಕೂರುವ ಸರೋಜಮ್ಮ, "ಏನ್ ದೊರೆಸಾನಿ, ನಿಮ್ ಕಡೆ ಕಾಲುಂಗುರ ಬೂಟ್ಸಿನ ಮೇಲೆ ಹಾಕ್ತಾರಾ?" ಅಂತ ಎಲ್ಲರನ್ನೂ ನಗಿಸುತ್ತಿರುತ್ತಾರೆ. ನನ್ನಂಥ ಕೆಂಚು ಕೂದಲಿನವಳ ಹತ್ತಿರ ಕರಡಿಗೆ ಹೇಗೆ ಬಂತು ಅಂತ ಮೇಷ್ಟ್ರು ಕೇಳಿಬಿಟ್ಟರೆ? ನಿನ್ನೆ ಅವರು ಅತ್ತ ತಿರುಗಿದಾಗ ಕರವಸ್ತ್ರದಿಂದ ತೆಗೆದು ಇದ್ದಲಿನ ಮೇಲಿಟ್ಟೆ. ಬೆಸುಗೆ ಹರಿಯಲೆಂದು ಬಿಳಿಗಾರ ಹಚ್ಚಿದೆ, ಬೆಸುಗೆಯ ಚೂರು ಇಟ್ಟೆ, ಊದುಗೊಳವೆಯಲ್ಲಿ ಊದಿದೆ. ಎಲ್ಲವನ್ನೂ ಕಲಿಸಿದ ಹಾಗೇ ಮಾಡಿದೆ.

ಉಂಗುರ ಕೂರುವ ಮೊದಲೇ ಅದರ ಕೆಳಗೆ ಒಂದು ಬೂದು ಕಲೆ ಮಿನುಗಿತು. ಆ ಕಲೆ ಹರಡುತ್ತಾ ಹೋದ ಹಾಗೆ ಬೆಳ್ಳಿ ಕುಸಿಯಿತು. ನೋಡನೋಡುತ್ತಿದ್ದಂತೆ ತೂತು ಬಿತ್ತು. ನನಗೆ ಊದುವುದನ್ನು ನಿಲ್ಲಿಸಲೂ ತೋಚಲಿಲ್ಲ.

ಮೇಷ್ಟ್ರು ಓಡಿಬಂದರು. "ಅಯ್ಯೋ ಅವ್ವಾ, ಹಿಂದೆ ಯಾರೋ ಪಾತ್ರೆ ಬೆಸೆಯೋನು ಇದಕ್ಕೆ ಸೀಸದ ತೇಪೆ ಹಾಕವ್ನೆ. ಸೀಸ ಕರಗಿದ್ರೆ ಬೆಳ್ಳೀನೇ ತಿಂದ್ಬುಡುತ್ತೆ. ಅದಕ್ಕೇ ಕಣಮ್ಮ ನಾನು ತೋರ್ಸಿ ಅಂದಿದ್ದು" ಅಂದರು. ಯಾರದು ಅಂತ ಕೇಳಲೇ ಇಲ್ಲ. ಹೊಸದು ಮಾಡಿಕೊಡ್ತೀನಿ ಅಂದರು. ಅದು ಅವರ ಕೈಯದಾಗುತ್ತದೆ, ನನ್ನದಲ್ಲ.

ಇವತ್ತು ಬೆಳಿಗ್ಗೆ ಜಯಲಕ್ಷ್ಮಿಪುರಂನ ಆ ಮನೆಗೆ ಹೋದೆ. ಅಜ್ಜಿ ಗೇಟಿನ ಹತ್ತಿರ ಪೂಜೆಗೆ ಹೂ ಬಿಡಿಸುತ್ತಿದ್ದರು. ಕರಡಿಗೆಯ ತೂತನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಸೆರಗಿನಿಂದ ನನ್ನ ಕಣ್ಣು ಒರೆಸಿ, "ಅಳಬೇಡ, ಸುಮ್ನಿರು. ಅಕ್ಕಸಾಲಿಗೆ ಕೊಟ್ಟಿದ್ದೆ, ಕೆಡಿಸ್ಬುಟ್ಟ ಅಂತೀನಿ. ನಿನ್ನ ಹೆಸರು ಎತ್ತಲ್ಲ" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಹೆಸರು ಎತ್ತಲಿ ಅಂತಲೇ ಅಲ್ಲವೇ ಅಮ್ಮಾ ಇದೆಲ್ಲ ಮಾಡಿದ್ದು?

ಮಧ್ಯಾಹ್ನ ಫಿಸಿಕ್ಸ್ ಟೆಸ್ಟಿನಲ್ಲಿ ಖಾಲಿ ಹಾಳೆ ಕೊಟ್ಟು ಬಂದೆ. ಊಟ ಸೇರುತ್ತಿಲ್ಲ. ಕಾಲೇಜು ಬಿಟ್ಟು ಬಂದುಬಿಡಲೇ? ಇಲ್ಲ, ನೇರವಾಗಿ ಅಜ್ಜನ ಮುಂದೆ ನಿಂತು ನಾನೇ ಕೆಡಿಸಿದ್ದು ಅನ್ನಲೇ? ದಯವಿಟ್ಟು ಬೇಗ ಬರೆ. ನೀನು ಏನು ಹೇಳಿದರೂ ಹಾಗೇ ಮಾಡುತ್ತೇನೆ, ಸುಮ್ಮನಿರು ಅನ್ನಬೇಡ ಅಷ್ಟೇ.

ನೀನಾದರೂ ಅಲ್ಲಿ ಚೆನ್ನಾಗಿರು. ನಿನ್ನ ಕಾಲಿಗೆ ನಮಸ್ಕಾರಗಳು.

ನಿನ್ನ
ಡೊರೊತಿ

ಮರೆತ ಮಾತು: ಮರೆತಿದ್ದಲ್ಲ, ಬರೆಯಲಾಗಲಿಲ್ಲ. ನಾನು ಹೊರಡುವಷ್ಟರಲ್ಲಿ ಅಜ್ಜ ಜಗುಲಿಗೆ ಬಂದು, "ಯಾರೇ ಅದು?" ಅಂದರು. "ಯಾರೋ ಹಾಸ್ಟೆಲ್ ಹುಡುಗಿ ಕಣ್ರೀ, ದಾರಿ ತಪ್ಪಿ ಬಂದವ್ಳೆ" ಅಂದರು ಅಜ್ಜಿ. ಅಜ್ಜ ಮೆಟ್ಟಿಲಿಳಿದು ಬಂದರು. ನನ್ನ ಮುಖ ನೋಡಿ, ನನಗೆ ಅರ್ಥವಾಗಲಿ ಅಂತ, ನಿಧಾನವಾಗಿ ಇಂಗ್ಲಿಷಿನಲ್ಲಿ ಹಾಸ್ಟೆಲಿನ ದಾರಿ ಹೇಳಿಕೊಟ್ಟರು. ಗೇಟನ್ನೂ ತಾವೇ ತೆಗೆದರು. ಎಷ್ಟು ಮರ್ಯಾದೆಯಿಂದ ಮಾತಾಡಿದರು ಗೊತ್ತಾ! 'ಅಜ್ಜಾ' ಅನ್ನೋಣ ಅಂತ ಬಾಯಿ ತೆರೆದೆ. "ಥ್ಯಾಂಕ್ಯೂ, ಸರ್" ಅಂತ ಬಂತು.