‘ಮನೆಯಲ್ಲಿ ನೋಡಿದ್ದಾಳೆ’ ಎಂದು ನಾನು ಬರೆಯುವುದಿಲ್ಲ

ಮಕ್ಕಳು ಏನು ನೋಡಬೇಕೆಂದು ತೀರ್ಮಾನಿಸುವ ಅಧಿಕಾರಿಗಳೇ,

ತಾವು ಕೊಟ್ಟ ನೋಟಿಸಿಗೆ ನಾನು ಎರಡು ಸಲ ಉತ್ತರ ಬರೆದೆ. ಎರಡು ಸಲವೂ ಅದು ‘ಸರಿಪಡಿಸಿ ಕಳಿಸುವುದು’ ಎಂಬ ಷರಾ ಹೊತ್ತು ವಾಪಸ್ ಬಂತು. ಏನನ್ನು ಸರಿಪಡಿಸಬೇಕೆಂದು ಕಾಗದದಲ್ಲಿ ಇರಲಿಲ್ಲ, ಅದನ್ನು ಫೋನಿನಲ್ಲಿ ಹೇಳಿದರು. ನಾಲ್ಕು ವರ್ಷದ ಹುಡುಗಿಯೊಬ್ಬಳು ನಮ್ಮ ಅಂಗನವಾಡಿಯ ಟಿವಿಯಲ್ಲಿ ದೊಡ್ಡವರ ಕಾರ್ಟೂನು ನೋಡಿ ಹೆದರಿದ್ದಾಳೆ ಎಂದು ನಾನು ಬರೆದಿದ್ದೆ. ಅದನ್ನು ಹೊಡೆದುಹಾಕಿ, ಮನೆಯ ಮೊಬೈಲಿನಲ್ಲಿ ನೋಡಿ ಹೆದರಿದ್ದಾಳೆ ಎಂದು ಬರೆಯಬೇಕಂತೆ. ಅದೇ ಕಾಗದ ಮೂರನೆಯ ಸಲ ಅಲೆದಾಡುವುದು ಬೇಡವೆಂದು ಈ ಬಾರಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಹತ್ತೊಂಬತ್ತು ವರ್ಷ ರಿಜಿಸ್ಟರ್ ತುಂಬಿ ಅದೂ ಖಾಲಿಯಾಗಿದೆ.

ನಮ್ಮದು ಗಿಣಿಗೇರಾದ ಆಸುಪಾಸಿನ ಸಣ್ಣ ಊರು. ಗಂಡಸರಲ್ಲಿ ಅರ್ಧಕ್ಕರ್ಧ ಜನ ಕಬ್ಬಿಣದ ಕಾರ್ಖಾನೆಗಳಲ್ಲಿ ಪಾಳಿ ಪ್ರಕಾರ ದುಡಿಯುತ್ತಾರೆ. ಎರಡು ತಿಂಗಳ ಹಿಂದೆ ತಾವು ನಮ್ಮ ಕೇಂದ್ರಕ್ಕೆ ಟಿವಿ ಕೊಟ್ಟಿರಿ. ನಾವು ಕೇಳಿದ್ದು ಶೌಚಾಲಯಕ್ಕೆ ಬಾಗಿಲು. ಇರಲಿ, ಕೇಳಿದ್ದೇ ಬರಬೇಕೆಂಬ ಹಟ ನನಗೆ ಎಂದೋ ಬಿಟ್ಟುಹೋಗಿದೆ. ಟಿವಿಯ ಜೊತೆಗೆ ಒಂದು ಪೆನ್‌ಡ್ರೈವ್ ಬಂತು. ಅದರಲ್ಲಿ ನಲವತ್ತು ಕಾರ್ಟೂನು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ದಿನಕ್ಕೆ ಅರ್ಧ ಗಂಟೆ ತೋರಿಸಬೇಕು, ಮಕ್ಕಳು ನೋಡುತ್ತಿರುವ ಫೋಟೊವನ್ನು ಹನ್ನೊಂದು ಗಂಟೆಯೊಳಗೆ ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಫೋಟೊದಲ್ಲಿ ಮಕ್ಕಳ ಮುಖ ಸ್ಪಷ್ಟವಾಗಿ ಕಾಣಬೇಕೆಂದು ಆದೇಶದಲ್ಲಿತ್ತು. ಆ ಮುಖಗಳು ಏನನ್ನು ನೋಡುತ್ತಿವೆ ಎಂಬ ಬಗ್ಗೆ ಆದೇಶ ಏನೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ನಾನು ಹದಿನಾಲ್ಕನೆಯ ನಂಬರು ಹಾಕಿದೆ. ಪರದೆಯ ಮೇಲೆ ದುಂಡು ಕಣ್ಣಿನ, ಕಿತ್ತಳೆ ಬಣ್ಣದ ಬೆಕ್ಕು ಹಳದಿ ಹೆಲ್ಮೆಟ್ ಹಾಕಿಕೊಂಡು ಕುಣಿಯುತ್ತ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಫೋಟೊ ತೆಗೆದು, ಗ್ರೂಪಿಗೆ ಹಾಕಿ, ಒಳಗೆ ಅನ್ನ ಇಳಿಸಲು ಹೋದೆ. ಸಹಾಯಕಿ ಅಂದು ರಜೆ. ಟಿವಿ ಇದ್ದರೆ ಮಕ್ಕಳು ಕೂತಲ್ಲೇ ಕೂರುತ್ತಾರೆಂಬ ನಿಶ್ಚಿಂತೆ ಬೇರೆ.

ಐದಾರು ದಿನ ಕಳೆದಿರಬೇಕು, ದುರುಗವ್ವ ತನ್ನ ಮೊಮ್ಮಗಳು ದ್ರಾಕ್ಷಾಯಿಣಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಓಡಾಡುವ ಹುಡುಗಿಯನ್ನು ಯಾಕೆ ಹೊತ್ತಿದ್ದೀ ಎಂದೆ.

“ಕೆಳಗ ಇಳಿವಲ್ಲಳ್ರಿ ಅಕ್ಕೋರ. ಅವರಪ್ಪ ಊಟಕ್ಕ ಕುಂತ್ರ ಸಾಕು, ಅಂಗಿ ಎತ್ತಪ್ಪಾ ಅಂತಾಳ. ರೊಟ್ಟಿ ಹೊಟ್ಯಾಗ ನಿಂತೈತೋ ಇಲ್ಲೋ ನೋಡಬೇಕಂತ. ಪಕ್ಕೆಲುಬು ಮುಟ್ಟಿ ಮುಟ್ಟಿ ಎಣಸ್ತಾಳ. ಹುಲಿಗಿ ಗುಡಿಗೆ ಹೋಗಿ ದಾರ ಕಟ್ಟಿಸ್ಕೊಂಡು ಬಂದೆ, ದೃಷ್ಟಿ ತಗದೆ. ಏನೂ ಆಗಲಿಲ್ಲ.”

ಏನಾಯಿತು ಎಂದು ಹುಡುಗಿಯನ್ನೇ ಕೇಳಿದೆ. ಅವಳು ಟಿವಿಯ ಕಡೆ ನೋಡದೆ, ಬೆರಳನ್ನು ಮಾತ್ರ ಅತ್ತ ತೋರಿಸಿ, “ಬೆಕ್ಕು ಬೆಂಕ್ಯಾಗ ಬಿತ್ರಿ” ಎಂದಳು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಹದಿನಾಲ್ಕನೆಯ ಚಿತ್ರವನ್ನು ಪೂರ್ತಿ ನೋಡಿದೆ. ಬೆಕ್ಕು ಕಾರ್ಖಾನೆಯ ಕೂಲಿ. ಕಬ್ಬಿಣ ಕರಗಿಸುವ ಕೊಪ್ಪರಿಗೆಯೊಳಗೆ ಬೀಳುತ್ತದೆ. ಬರೀ ಎಲುಬಾಗಿ ಎದ್ದು ಬರುತ್ತದೆ. ಮೇಲಿನವರು ಗಡಿಯಾರ ತೋರಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಸಂಜೆ ಮನೆಗೆ ಹೋಗುತ್ತದೆ, ಹೆಂಡತಿಗೂ ಮಕ್ಕಳಿಗೂ ಅದು ಎಲುಬಾಗಿದ್ದು ಗೊತ್ತೇ ಆಗುವುದಿಲ್ಲ. ಉಣ್ಣಲು ಕೂತರೆ ತುತ್ತೆಲ್ಲ ಪಕ್ಕೆಲುಬಿನ ಸಂದಿಯಿಂದ ನೆಲಕ್ಕೆ ಬೀಳುತ್ತದೆ. ಪ್ರತಿ ತುತ್ತಿಗೂ ಹಿಂದಿನಿಂದ ಜನ ಗೊಳ್ಳೆಂದು ನಗುವ ಸದ್ದು.

ಚಿತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮಾಡಿದವನು ಬುದ್ಧಿವಂತ. ನನಗೂ ಮೊದಲು ನಗು ಬಂತು, ಆಮೇಲೆ ನಮ್ಮೂರಿನ ಗಂಡಸರ ಮುಖಗಳು ಒಂದೊಂದಾಗಿ ನೆನಪಾಗಿ ಬೇಜಾರಾಯಿತು. ದೊಡ್ಡವರು ನೋಡಿ ಸುಮ್ಮನೆ ಕೂತು ಯೋಚಿಸಬೇಕಾದ ಚಿತ್ರ ಅದು. ಆದರೆ ದ್ರಾಕ್ಷಾಯಿಣಿಯ ಅಪ್ಪನ ಹೆಸರು ಯಮನೂರ. ಅವನೂ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಫರ್ನೇಸ್ ಹತ್ತಿರವೇ ಕೆಲಸ ಮಾಡುತ್ತಾನೆ, ಅದೇ ಬಣ್ಣದ ಹೆಲ್ಮೆಟ್ ಹಾಕಿಕೊಂಡು ಹೋಗುತ್ತಾನೆ. ಆ ಮಗುವಿಗೆ ಇದು ಕಥೆಯೆಂದು ಹೇಗೆ ಗೊತ್ತಾಗಬೇಕು? ಬಣ್ಣ ಬಳಿದು ಬಿಡಿಸಿದ್ದೆಲ್ಲ ಮಕ್ಕಳಿಗಾಗಿಯೇ ಇರುತ್ತದೆ ಎಂದು ಹೇಳಿಕೊಟ್ಟವರು ಯಾರು? ತಾವೂ ಹಾಗೇ ಅಂದುಕೊಂಡಿರಿ, ನಾನೂ ಹಾಗೇ ಅಂದುಕೊಂಡೆ. ನಮ್ಮಿಬ್ಬರಿಗೂ ಬೆಕ್ಕಿನ ಬಣ್ಣ ಕಂಡಿತು, ಅಷ್ಟೇ ಸಾಕಾಯಿತು.

ಮಾನ್ಯರೇ, ಅಂಗನವಾಡಿಯಲ್ಲಿ ಒಂದು ಒಳ್ಳೆಯ ರೂಢಿಯಿದೆ. ಮಕ್ಕಳಿಗೆ ಬಡಿಸುವ ಮೊದಲು ಅನ್ನ ಸಾರನ್ನು ನಾನು ಉಂಡು ನೋಡಬೇಕು, ಯಾರಾದರೊಬ್ಬ ತಾಯಿಗೂ ಉಣಿಸಿ ನೋಡಬೇಕು, ರುಚಿ ನೋಡಿದ್ದಕ್ಕೆ ಪುಸ್ತಕದಲ್ಲಿ ಸಹಿ ಹಾಕಬೇಕು. ಟಿವಿ ಬಂದಾಗ ತಾವು ಅದಕ್ಕೂ ಅಂಥದೇ ಒಂದು ಪುಸ್ತಕ ಕಳಿಸಿದಿರಿ. ಅದರಲ್ಲಿ ‘ಮೊದಲೇ ವೀಕ್ಷಿಸಲಾಗಿದೆಯೇ?’ ಎಂಬ ಕಾಲಂ ಇದೆ. ಎಷ್ಟು ಚೆಂದದ ಕಾಲಂ. ಅದನ್ನು ನಾನು ಹೇಗೆ ತುಂಬಿದೆ ಗೊತ್ತೇ? ತಿಂಗಳ ಮೊದಲ ದಿನ ಒಂದೇ ಪಟ್ಟಿಗೆ ಕೂತು, ಮೇಲಿಂದ ಕೆಳಗಿನವರೆಗೆ ‘ಹೌದು, ಹೌದು, ಹೌದು’ ಎಂದು ಬರೆದುಬಿಟ್ಟೆ. ತೂಕದ ಪುಸ್ತಕ, ಸಮೀಕ್ಷೆ, ಮೊಬೈಲಿನಲ್ಲಿ ತುಂಬುವ ಲೆಕ್ಕವಿಲ್ಲದಷ್ಟು ಮಾಹಿತಿ, ಇವುಗಳ ನಡುವೆ ನಲವತ್ತು ಕಾರ್ಟೂನು ನೋಡುತ್ತ ಕೂರಲು ಹೊತ್ತೆಲ್ಲಿದೆ? ಇದು ಸಬೂಬು, ಒಪ್ಪುತ್ತೇನೆ. ಅನ್ನವನ್ನು ಒಂದು ದಿನವೂ ರುಚಿ ನೋಡದೆ ಬಡಿಸಿದವಳಲ್ಲ ನಾನು. ಕಣ್ಣಿಗೆ ಬಡಿಸುವುದನ್ನು ಮಾತ್ರ ನೋಡಲಿಲ್ಲ. ಇದಕ್ಕಾಗಿ ನನಗೆ ನಾಚಿಕೆಯಾಗಿದೆ. ತಮ್ಮ ಕಚೇರಿಯಿಂದ ಆ ಪೆನ್‌ಡ್ರೈವ್ ಹೊರಡುವ ಮುಂಚೆ ಅಲ್ಲಿಯೂ ಯಾರೋ ಒಬ್ಬರು ಒಂದೇ ಪಟ್ಟಿಗೆ ಕೂತು ‘ಹೌದು’ ಬರೆದಿರಬೇಕಲ್ಲವೇ? ಅವರಿಗೆ ನೋಟಿಸ್ ಹೋಯಿತೇ?

ನನಗೆ ಬಂದ ನೋಟಿಸಾದರೂ ಯಾಕೆ ಬಂತು? ಮಗು ಹೆದರಿತೆಂದು ಅಲ್ಲ. ಆವತ್ತಿನಿಂದ ನಾನು ಟಿವಿ ಹಚ್ಚುವುದನ್ನು ಬಿಟ್ಟೆ, ಗ್ರೂಪಿಗೆ ಫೋಟೊ ಬರಲಿಲ್ಲ, ಅದಕ್ಕಾಗಿ ಬಂತು. ಕಾರಣ ಬರೆದಾಗ ತಮ್ಮ ಪರವಾಗಿ ಮೇಲ್ವಿಚಾರಕಿ ಫೋನ್ ಮಾಡಿದರು. ಒಳ್ಳೆಯ ಹೆಣ್ಣುಮಗಳು, ನನ್ನ ಹಾಗೇ ದಣಿದವರು.

“ಮನ್ಯಾಗ ಮೊಬೈಲ್‌ನಾಗ ನೋಡ್ಯಾಳ ಅಂತ ಬರದುಬಿಡ್ರಿ ಶಂಕ್ರಮ್ಮ. ಈಗ ಯಾರ ಮನ್ಯಾಗ ಮೊಬೈಲ್ ಇಲ್ಲ? ನಿಮಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ.”

“ಅವರಪ್ಪನ ಮ್ಯಾಲೆ ಬರ್ತೈತಲ್ರಿ ಮೇಡಂ?”

“ಅವ ಏನ್ ಓದಾಕ ಬರ್ತಾನೇನ್ರಿ ನಿಮ್ಮ ಕಾಗದಾನ?”

ಯಮನೂರ ಓದುವುದಿಲ್ಲ, ನಿಜ. ಅವನ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಮಾತಾಡಲು ಮಾತ್ರ ಬರುತ್ತದೆ. ಕಳೆದ ವಾರ ದ್ರಾಕ್ಷಾಯಿಣಿ ಅವನ ಗೇಟ್‌ಪಾಸನ್ನು ಜೋಳದ ಚೀಲದೊಳಗೆ ತುರುಕಿ ಬಚ್ಚಿಟ್ಟಿದ್ದಳು. ಅದು ಸಿಗದೆ ಅವನ ಪಾಳಿ ತಪ್ಪಿತು. ಅವನು ನನ್ನ ಮೇಲೆ ರೇಗುತ್ತಾನೆಂದು ಕಾದಿದ್ದೆ. ಬಂದವನು ಅಂಗನವಾಡಿಯ ಕಟ್ಟೆಯ ಮೇಲೆ ಕೂತು, “ಫರ್ನೇಸ್ ಕಡೆ ಹೋಗೂದ ಬಿಟ್ಟೀನಿ ಅಂತ ಆಕಿಗೆ ಸುಳ್ಳು ಹೇಳೀನ್ರಿ ಅಕ್ಕೋರ. ಎಷ್ಟು ದಿನ ಹೇಳ್ಲಿ?” ಎಂದ. ಅಷ್ಟೇ. ಇವನೇ ತನ್ನ ಮಗಳನ್ನು ಹೆದರಿಸಿದ ಎಂದು ಸರ್ಕಾರದ ಕಾಗದದಲ್ಲಿ ಬರೆಯಲು ನನ್ನ ಕೈ ಏಳುವುದಿಲ್ಲ.

ಇನ್ನೊಂದು ಮಾತಿದೆ. ಅಳವಂಡಿ ಕಡೆಯ ನನ್ನ ಗೆಳತಿಯೂ ಅಂಗನವಾಡಿ ಕಾರ್ಯಕರ್ತೆ. ಅವಳ ಕೇಂದ್ರಕ್ಕೂ ಈಚೆಗೆ ಇದೇ ಪೆನ್‌ಡ್ರೈವ್ ಹೋಗಿದೆ. ಹನ್ನೊಂದನೆಯ ನಂಬರಿನವರೆಗೆ ತೋರಿಸಿದ್ದಾಳಂತೆ. ಅವಳನ್ನು ನಾನು ತಡೆದೆ. ಉಳಿದವರನ್ನು ತಡೆಯುವವರು ಯಾರು? ‘ಮನೆಯಲ್ಲಿ ನೋಡಿದ್ದಾಳೆ’ ಎಂದು ನಾನು ಬರೆದರೆ ಆ ಚಿತ್ರಕ್ಕೆ ಏನೂ ಆಗುವುದಿಲ್ಲ, ಅದು ಊರೂರಲ್ಲಿ ಓಡುತ್ತಲೇ ಇರುತ್ತದೆ. ಅದಕ್ಕಾಗಿ ಕೇಳುತ್ತಿದ್ದೇನೆ: ಹದಿನಾಲ್ಕನೆಯ ಚಿತ್ರವನ್ನು ಯಾರೂ ಹಾಕಬಾರದೆಂದು ನಾಳೆಯೇ ಅದೇ ಗ್ರೂಪಿನಲ್ಲಿ ತಿಳಿಸಿ. ಉಳಿದ ಮೂವತ್ತೊಂಬತ್ತನ್ನು ತಮ್ಮಲ್ಲಿ ಯಾರಾದರೂ ಕೂತು ಕೊನೆಯವರೆಗೂ ನೋಡಿ, ಇದು ಇಷ್ಟು ವರ್ಷದ ಮಕ್ಕಳಿಗೆ ಸರಿ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಹೆಸರು ಹಾಕಿ ಕಳಿಸಲಿ. ಆಮೇಲೆ ನಾನೂ ನೋಡಿ ನನ್ನ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಟಿವಿಯ ಮೇಲೆ ಬಟ್ಟೆ ಮುಚ್ಚಿರುತ್ತದೆ, ಫೋಟೊ ಬರುವುದಿಲ್ಲ.

ನೀವ ಹಚ್ಚಿದ ಅಂಜಿಕಿ ನೀವ ಬಿಡಸ್ರಿ ಎಂದು ದುರುಗವ್ವ ಹೇಳಿ ಹೋಗಿದ್ದಳು. ನಿನ್ನೆ ದ್ರಾಕ್ಷಾಯಿಣಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ: “ಅದು ದೊಡ್ಡವರು ನೋಡೋ ಚಿತ್ರ ಇತ್ತವಾ. ನಾ ನೋಡದ ಹಚ್ಚಿದೆ. ತಪ್ಪು ನಂದು.” ಅವಳು ಬಟ್ಟೆ ಮುಚ್ಚಿದ ಟಿವಿಯ ಕಡೆ ಬೆರಳು ತೋರಿಸಿದಳು.

“ಅಕ್ಕೋರ, ಅದರಾಗ ನಕ್ಕೋರು ದೊಡ್ಡೋರ ಏನ್ರಿ?”

ಹೌದು ಎಂದೆ. ಮುಂದಿನ ಪ್ರಶ್ನೆ ಬರುವ ಮೊದಲೇ ಎದ್ದು ಅಡುಗೆ ಕೋಣೆಗೆ ಹೋದೆ. ತಮಗೆ ಕೊಡುವ ಉತ್ತರ ಇದು, ಇದನ್ನು ತಿದ್ದುವುದಿಲ್ಲ: ಆ ಚಿತ್ರವನ್ನು ಆ ಮಗುವಿಗೆ ತೋರಿಸಿದ್ದು ಅವರಪ್ಪನಲ್ಲ, ನಾವು.

ಇಂತಿ,
ಈ ಕಾಗದ ತಮಗೆ ತಲುಪುವ ಹೊತ್ತಿಗೆ ಕೆಲಸದಲ್ಲಿ ಇರುತ್ತೇನೋ ಇಲ್ಲವೋ ತಿಳಿಯದ,
ಶಂಕ್ರಮ್ಮ
ಅಂಗನವಾಡಿ ಕಾರ್ಯಕರ್ತೆ