ಟ್ರ್ಯಾಕ್ಟರ್ ಎಳೆಯುವ ಕೆಂಪು ಕಾರು ಐಷಾರಾಮಿಯೇ?

ರಾಯಚೂರಿನ ವಾಹನ ವರ್ಗೀಕರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಒಂದೇ ಕಾರಿಗೆ ಎರಡು ಜಾತಕ ಬರೆದ ಮಹನೀಯರೇ,

ನನ್ನ ಹೆಸರಿನಲ್ಲಿರುವ ಕಾರು ಐಷಾರಾಮಿ ಕಾರಲ್ಲ ಎಂದು ಹೋದ ಕಾರ್ತಿಕದಲ್ಲಿ ನೀವೇ ಬರೆದುಕೊಟ್ಟಿರಿ. ಅದೇ ಕಾರು ಐಷಾರಾಮಿ ಕಾರು ಎಂದು ಈ ಆಷಾಢದಲ್ಲಿ ಮತ್ತೆ ನೀವೇ ಬರೆದುಕೊಟ್ಟಿರಿ. ನಡುವಿನ ಎಂಟು ತಿಂಗಳಲ್ಲಿ ಆ ಕಾರಿನಲ್ಲಿ ಆದ ಬದಲಾವಣೆಯೆಂದರೆ ಎಡಗಡೆಯ ಕನ್ನಡಿ ಒಡೆದದ್ದು ಮಾತ್ರ. ಕನ್ನಡಿ ಒಡೆದರೆ ಕಾರಿನ ಅಂತಸ್ತು ಏರುತ್ತದೆ ಎಂಬ ನಿಯಮವಿದ್ದರೆ ದಯವಿಟ್ಟು ತಿಳಿಸಿ, ಬಲಗಡೆಯದ್ದನ್ನು ಜೋಪಾನ ಮಾಡುತ್ತೇನೆ. ಸದ್ಯಕ್ಕೆ ನಿಮ್ಮ ಎರಡನೆಯ ಕಾಗದದಿಂದಾಗಿ ನನ್ನ ಮಗಳು ಐಶ್ವರ್ಯಳ ಹಾಸ್ಟೆಲ್ ಸೀಟು ತಡೆಹಿಡಿಯಲ್ಪಟ್ಟಿದೆ. ಐಷಾರಾಮಿ ಕಾರಿನ ಒಡೆಯನ ಮಗಳಿಗೆ ಸರ್ಕಾರಿ ಮಂಚವೇಕೆ ಎಂಬುದು ಹಾಸ್ಟೆಲಿನವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಕಾರು ಮಾತ್ರ ಅನ್ಯಾಯದ್ದು.

ನಾನು ಮಾನ್ವಿಯಲ್ಲಿ ಲಗ್ನಪತ್ರಿಕೆ ಮತ್ತು ಬ್ಯಾನರ್ ಬರೆಯುವ ಅಂಗಡಿ ಇಟ್ಟುಕೊಂಡಿರುವ ಮೌನೇಶ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮುಗಿಸಿದವನು. ವಧುವಿನ ಹೆಸರಿಗೆ ವರನ ಹೆಸರನ್ನು ಪ್ರಾಸದಲ್ಲಿ ಜೋಡಿಸುವುದು ನನ್ನ ಕಸುಬು. ಜಾತಕ ಕೂಡದ ಜೋಡಿಗಳನ್ನೂ ನಾನು ಪ್ರಾಸದಲ್ಲಿ ಕೂಡಿಸಿದ್ದೇನೆ. ನಿಮ್ಮ ಎರಡು ಕಾಗದಗಳನ್ನು ಕೂಡಿಸಲು ಮಾತ್ರ ಇಪ್ಪತ್ತು ವರ್ಷದ ಅನುಭವ ಸಾಲಲಿಲ್ಲ.

ಇಂಥವನಿಗೆ ಕ್ರೀಡಾ ಕಾರು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಮೂರು ವರ್ಷದ ಹಿಂದೆ ಹೈದರಾಬಾದಿನ ಒಬ್ಬ ಶ್ರೀಮಂತ ಯುವಕ ದೇವದುರ್ಗಕ್ಕೆ ಮದುವೆಗೆಂದು ಈ ಕೆಂಪು ಕಾರಿನಲ್ಲಿ ಬಂದ. ಊರು ಸಮೀಪಿಸಿದಾಗ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಿದ. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಎರೆಮಣ್ಣು ಎಂಥದ್ದೆಂದು ನಿಮಗೆ ಗೊತ್ತು, ಆ ಕಾರಿಗೆ ಗೊತ್ತಿರಲಿಲ್ಲ. ನೆಲಕ್ಕಿಂತ ನಾಲ್ಕು ಬೆರಳು ಮಾತ್ರ ಮೇಲಿದ್ದ ಅದರ ಹೊಟ್ಟೆ ಕೆಸರಿಗೆ ಅಂಟಿಕೊಂಡಿತು. ಟ್ರ್ಯಾಕ್ಟರಿನಿಂದ ಎಳೆಸಿದಾಗ ಕಾರು ಬಂತು, ಅದರ ಅಡಿಭಾಗದ ಅರ್ಧ ಸಾಮಾನು ಹೊಲದಲ್ಲೇ ಉಳಿಯಿತು. ಅದು ಇಲ್ಲಿ ರಿಪೇರಿಯಾಗುವುದಿಲ್ಲ ಎಂದು ತಿಳಿದ ಯುವಕ, ಎಳೆದ ಮೆಕ್ಯಾನಿಕ್ ಮೀರಾಹುಸೇನನಿಗೇ ಅದನ್ನು ಮಾರಿ ಬಸ್ಸು ಹತ್ತಿದ.

ಮೀರಾಹುಸೇನ ದೇವದುರ್ಗದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ನನ್ನ ಬಾಲ್ಯದ ಗೆಳೆಯ. ಮದುಮಗನ ಮೆರವಣಿಗೆಗೆ ಈ ಕಾರು ಬಿಟ್ಟರೆ ಸುತ್ತಲಿನ ಹಳ್ಳಿಯ ಮದುವೆಗಳೆಲ್ಲ ನಮ್ಮವೇ ಎಂಬುದು ಅವನ ಲೆಕ್ಕ. ಪತ್ರಿಕೆ ನನ್ನದು, ಕಾರು ಅವನದು. ಎಲ್ಲ ಸರಿಯಿತ್ತು. ಆದರೆ ಕಾಗದ ಮಾಡಿಸುವ ದಿನ ಅವನು ನನ್ನ ಕೈ ಹಿಡಿದುಕೊಂಡ.

"ಅಣ್ಣಾ, ನೀವು ಓದಿದವರು. ಕಾಗದ ನಿಮ್ಮ ಹೆಸರಿಲೇ ಇರಲಿ. ಆಫೀಸಿನ್ಯಾಗ ನನ್ನ ಮಾತು ಯಾರು ಕೇಳ್ತಾರ?"

ನಮ್ಮ ಕಡೆ ಇದು ಹೊಸದಲ್ಲ. ಎತ್ತು ಒಬ್ಬನದಾದರೆ ಕಾಗದ ಓದಿದವನದು. ಪದವೀಧರನೆಂಬ ಬಿಂಕಕ್ಕೆ ನಾನೂ ಸಹಿ ಹಾಕಿದೆ. ಕಾರು ಅವನ ಅಂಗಳದಲ್ಲಿ, ಅದರ ಪಾಪ ನನ್ನ ಹೆಸರಿನಲ್ಲಿ.

ಈಗ ಕಾರಿನ ವರ್ತಮಾನ ಕೇಳಿ. ಓಡುವುದಕ್ಕೇ ಹುಟ್ಟಿದ ಆ ಎಂಜಿನ್ನು ಬಾಜಾದವರ ಹಿಂದೆ ನಡಿಗೆಯ ವೇಗದಲ್ಲಿ ಸಾಗಿದರೆ ಹತ್ತೇ ನಿಮಿಷಕ್ಕೆ ಕಾದು ಹೊಗೆ ಬಿಡುತ್ತದೆ. ಅದಕ್ಕೇ ಮೀರಾಹುಸೇನ ಅದನ್ನು ಟ್ರ್ಯಾಕ್ಟರಿಗೆ ಹಗ್ಗದಿಂದ ಕಟ್ಟಿ ಎಳೆಸುತ್ತಾನೆ. ಹಗ್ಗ ಕಾಣದಂತೆ ಚೆಂಡುಹೂವು ಸುತ್ತುತ್ತಾನೆ. ಇನ್ನು ಮದುಮಗ. ಮಲ್ಲಟದ ಮೊದಲ ಮದುವೆಯಲ್ಲೇ ತಿಳಿಯಿತು, ಬಾಸಿಂಗ ಕಟ್ಟಿದ ತಲೆ ಆ ಕಾರಿನ ಛಾವಣಿಯ ಕೆಳಗೆ ಹಿಡಿಸುವುದಿಲ್ಲ. ಪಾಪ, ಆ ಹುಡುಗ ಹನುಮಪ್ಪನ ಗುಡಿಯವರೆಗೂ ಹೆಗಲಿಗೆ ಕಿವಿ ಹಚ್ಚಿಕೊಂಡೇ ಹೋದ. ಬೀಗರು ವರನಿಗೆ ಕತ್ತು ಡೊಂಕೆಂದು ಗುಸುಗುಸು ಶುರು ಮಾಡಿದರು. ಮರುದಿನವೇ ಮೀರಾಹುಸೇನ ಛಾವಣಿಯಲ್ಲಿ ಊಟದ ತಟ್ಟೆಯಗಲದ ಕಿಂಡಿ ಕೊರೆದ. ಈಗ ಬಾಸಿಂಗ ಅದರಿಂದ ಹೊರಗೆ ಬರುತ್ತದೆ, ಮಳೆ ಅದರಿಂದ ಒಳಗೆ ಬರುತ್ತದೆ. ಇರುವುದು ಎರಡೇ ಸೀಟು. ಒಂದರಲ್ಲಿ ಮದುಮಗ, ಇನ್ನೊಂದರಲ್ಲಿ ಸ್ಟಿಯರಿಂಗ್ ಹಿಡಿದ ಮೀರಾಹುಸೇನ. ಕಳಸ ಹಿಡಿದ ಅಕ್ಕತಂಗಿಯರು ನಡೆದೇ ಬರುತ್ತಾರೆ, ಬಹಳ ಸಲ ಕಾರಿಗಿಂತ ಮುಂದೆ.

ಬಣ್ಣ ಕೆಂಪು, ನೋಟ ಸೊಂಪು, ಕೂತವರ ಸೊಂಟಕ್ಕೆ ಜೋಂಪು. ಇದು ನಾನು ಅದರ ಹಿಂದೆ ಬರೆಯಬೇಕೆಂದಿದ್ದ ಸಾಲು. ಮೀರಾಹುಸೇನ ಬೇಡವೆಂದ, ಗಿರಾಕಿ ಓಡಿಹೋಗುತ್ತಾರೆ ಎಂದ.

ಆದರೂ ಕಾನೂನು ಪಾಲಿಸೋಣವೆಂದು ಹೋದ ಕಾರ್ತಿಕದಲ್ಲಿ ನಿಮ್ಮ ಕಚೇರಿಗೆ ಬಂದೆವು. ಮದುವೆ ಬಾಡಿಗೆಯ ಐಷಾರಾಮಿ ವಾಹನಗಳ ಪಟ್ಟಿಯಲ್ಲಿ ಸೇರಿಸಿ ಎಂದು ನಾಲ್ಕನೇ ಕೌಂಟರಿನಲ್ಲಿ ಅರ್ಜಿ ಕೊಟ್ಟೆವು. ನೀವು ಹಿಂಬರಹ ಕೊಟ್ಟಿರಿ. ಅದು ನನಗೆ ಬಾಯಿಪಾಠವಾಗಿದೆ. "ಎರಡೇ ಆಸನ, ಕಾಲು ಚಾಚಲು ಸ್ಥಳಾವಕಾಶವಿಲ್ಲ, ಸಾಮಾನಿಗೆ ಜಾಗವಿಲ್ಲ. ಇದು ವೇಗಕ್ಕಾಗಿ ಮಾಡಿದ ಕ್ರೀಡಾ ಕಾರಾಗಿದ್ದು ಐಷಾರಾಮಿ ವರ್ಗಕ್ಕೆ ಸೇರುವುದಿಲ್ಲ." ಎಂಥ ಸ್ಪಷ್ಟ ವಾಕ್ಯ! ಒಪ್ಪಿ ಕೈಮುಗಿದು ಬಂದೆವು. ಅಂದಿನಿಂದ ಮೀರಾಹುಸೇನ ಬಾಡಿಗೆ ಬರೆಯುವುದು ಟ್ರ್ಯಾಕ್ಟರಿಗೆ. ಕಾರು ಅದರ ಹಿಂದಿನ ಅಲಂಕಾರ.

ಈ ವರ್ಷ ಐಶ್ವರ್ಯ ರಾಯಚೂರಿನಲ್ಲಿ ನರ್ಸಿಂಗ್ ಸೇರಿದಳು. ಬೆಳಗಿನ ಏಳೂವರೆಗೆ ಅವಳು ವಾರ್ಡಿನಲ್ಲಿ ಹಾಜರಿರಬೇಕು. ನಮ್ಮ ಓಣಿಯಿಂದ ಹೊರಟು ಮೊದಲ ಬಸ್ಸು ಹಿಡಿದರೂ ಮುಟ್ಟುವಾಗ ಎಂಟು. ಹಾಸ್ಟೆಲಿಗೆ ಅರ್ಜಿ ಹಾಕಿದೆವು. ಅವರು ನಿಮ್ಮನ್ನು ಕೇಳಿದರು. ನಿಮ್ಮ ಕಚೇರಿಯದೇ ಆರನೇ ಕೌಂಟರು ಉತ್ತರಿಸಿತು: "ಅರ್ಜಿದಾರಳ ತಂದೆ ಐಷಾರಾಮಿ ಕಾರಿನ ಮಾಲೀಕರು." ನಾಲ್ಕನೇ ಕೌಂಟರಿಗೂ ಆರನೇ ಕೌಂಟರಿಗೂ ನಡುವೆ ಒಂದು ಕುಡಿಯುವ ನೀರಿನ ಡ್ರಮ್ಮಿದೆ. ಆ ಡ್ರಮ್ಮು ದಾಟುವುದರೊಳಗೆ ನಾನು ಶ್ರೀಮಂತನಾದೆ.

ಹಳೆಯ ಹಿಂಬರಹ ಹಿಡಿದು ಓಡಿಬಂದೆ. ಅದು ಬೇರೆ ಕಡತ ಎಂದರು. ಕಾರು ಒಂದೇ ಅಲ್ಲವೇ ಎಂದೆ. ಕಡತ ಎರಡಲ್ಲವೇ ಎಂದರು. ಕಡೆಗೆ ಸ್ಥಳ ಪರಿಶೀಲನೆಗೆ ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸಿದಿರಿ. ಸಜ್ಜನರು, ತುಸು ಸ್ಥೂಲಕಾಯರು. ಮೀರಾಹುಸೇನ ಕಾರನ್ನು ಎಳೆಸಿಕೊಂಡು ಮಾನ್ವಿಯ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ್ದ. ಇನ್‌ಸ್ಪೆಕ್ಟರು ಒಳಗೆ ಕುಳಿತರು. ಕುಳಿತರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು, ಬಾವಿಗೆ ಇಳಿದಂತೆ. ಆಮೇಲೆ ಮೇಲೇಳಲು ನೋಡಿದರು. ಮೊಣಕಾಲು ಎದೆಗೆ, ಎದೆ ಸ್ಟಿಯರಿಂಗಿಗೆ ಸಿಕ್ಕಿಕೊಂಡವು. ಮೀರಾಹುಸೇನ ಬಾಗಿಲ ಕಡೆಯಿಂದ ಎಳೆದ, ನಾನು ಆ ಕಡೆಯಿಂದ ನೂಕಿದೆ. ಓಣಿಯ ಮಂದಿ ಸೇರಿ ಸಲಹೆ ಕೊಟ್ಟರು. ಒಬ್ಬರು ಎಣ್ಣೆ ತರಲೂ ಹೋದರು.

ನನ್ನ ತಾಯಿ ಗದ್ದೆಮ್ಮ ಛಾವಣಿಯ ಕಿಂಡಿಯಿಂದ ಒಂದು ತಂಬಿಗೆ ನೀರು ಇಳಿಸಿ, ಒಳಗೆ ಬಗ್ಗಿ ನೋಡಿ ಸಮಾಧಾನ ಹೇಳಿದಳು.

"ನಾಚ್ಕೋಬ್ಯಾಡ್ರಿ ಸಾಹೇಬ್ರ. ನಮ್ಮ ಎಮ್ಮಿ ಹೊಂಡದಾಗ ಸಿಕ್ಕಾಗೂ ಹಿಂಗ ನಾಕು ಮಂದಿ ಹಿಡಿದು ಎಬ್ಬಿಸಿದ್ದು. ಮೈ ಸಡ್ಲ ಬಿಡ್ರಿ."

ಇಪ್ಪತ್ತೈದು ನಿಮಿಷಕ್ಕೆ ಸಾಹೇಬರು ಹೊರಬಂದರು, ಒಂದು ಚಪ್ಪಲಿ ಒಳಗೇ ಉಳಿಯಿತು. ಇನ್ನು ಯಾವ ಸಾಕ್ಷಿ ಬೇಕು ಎಂದು ನಾನೂ ಮೀರಾಹುಸೇನನೂ ಮುಖ ಮುಖ ನೋಡಿಕೊಂಡು ನಕ್ಕೆವು. ನಾಲ್ಕು ದಿನಕ್ಕೆ ವರದಿ ಬಂತು. ಅದನ್ನು ಇಲ್ಲಿ ಅಕ್ಷರ ತಪ್ಪದೆ ಇಳಿಸುತ್ತೇನೆ, ನೀವು ನಗುವ ಮುಂಚೆ ಒಮ್ಮೆ ನನ್ನ ಮಗಳನ್ನು ನೆನೆಯಿರಿ. "ಆಸನ ಚರ್ಮದ್ದು. ಛಾವಣಿಯಲ್ಲಿ ಆಕಾಶ ನೋಡುವ ಕಿಂಡಿ ಇದೆ. ಒಳಗಿರುವವರಿಗೆ ಕುಡಿಯುವ ನೀರಿನ ವ್ಯವಸ್ಥೆಯೂ ಸಹಾಯಕರೂ ಇರುತ್ತಾರೆ. ಇಪ್ಪತ್ತೈದು ನಿಮಿಷ ಕುಳಿತು ಪರಿಶೀಲಿಸಲಾಗಿದ್ದು, ಒಮ್ಮೆ ಕುಳಿತವರು ಬೇಗ ಏಳುವುದಿಲ್ಲ. ಐಷಾರಾಮಿ ಎಂಬುದು ದೃಢಪಟ್ಟಿದೆ."

ಮಾನ್ಯರೇ, ಆ ಕೈಗೆ ನಾನು ನಮಿಸುತ್ತೇನೆ. ಇಷ್ಟು ವರ್ಷ ಲಗ್ನಪತ್ರಿಕೆ ಬರೆದ ನನಗೂ ಕಷ್ಟವನ್ನು ಹೀಗೆ ಸುಖವಾಗಿ ಬರೆಯಲು ಬಂದಿಲ್ಲ.

ಈಗ ವಾದಕ್ಕೆ ಬರುತ್ತೇನೆ. ಕ್ರೀಡಾ ಕಾರು ಐಷಾರಾಮಿಯೂ ಆಗಬಹುದೇ? ದೊಡ್ಡ ಊರುಗಳಲ್ಲಿ ಎರಡೂ ಆಗಿರುವ ಕಾರುಗಳಿವೆಯಂತೆ, ಇರಲಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ರೀಡಾ ಕಾರನ್ನು ಮಾಡುವುದು ಬೇಗ ಮುಟ್ಟಿಸುವುದಕ್ಕೆ, ಐಷಾರಾಮಿ ಕಾರನ್ನು ಮಾಡುವುದು ತಡವಾದರೂ ಬೇಸರವಾಗದಿರುವುದಕ್ಕೆ. ನಮ್ಮದು ಬೇಗ ಮುಟ್ಟಿಸುವುದೂ ಇಲ್ಲ, ಬೇಸರ ತಪ್ಪಿಸುವುದೂ ಇಲ್ಲ. ಬೆಲೆ ಹೆಚ್ಚಿದ್ದದ್ದೆಲ್ಲ ಐಷಾರಾಮಿ ಎನ್ನುವಿರಾದರೆ, ನಮ್ಮ ಭತ್ತದ ಸೀಮೆಯಲ್ಲಿ ಸುಗ್ಗಿಗೆ ಬರುವ ಕೊಯ್ಲು ಯಂತ್ರದ ಬೆಲೆ ಕೇಳಿ ನೋಡಿ. ಅದರ ಡ್ರೈವರಿಗೆ ಎ.ಸಿ. ಕೂಡ ಇರುತ್ತದೆ. ಚರ್ಮದ ಆಸನವಿದ್ದದ್ದೆಲ್ಲ ಐಷಾರಾಮಿ ಎನ್ನುವಿರಾದರೆ, ನೀವು ಕುಳಿತಿರುವ ತಿರುಗುವ ಕುರ್ಚಿಯನ್ನು ಒಮ್ಮೆ ತಡವಿ ನೋಡಿಕೊಳ್ಳಿ. ನನ್ನ ಅಳತೆ ಸರಳ: ಯಾರ ಕೈಯ ನೆರವೂ ಇಲ್ಲದೆ ಎದ್ದು ಬರಲಾಗದ ವಾಹನ ಐಷಾರಾಮಿಯಲ್ಲ. ನಿಮ್ಮ ಕುರ್ಚಿಯಿಂದಲೂ ಜನ ಎದ್ದು ಬರುವುದಿಲ್ಲ, ನಿಜ, ಆದರೆ ಅದರ ಕಾರಣ ಬೇರೆ.

ಇಷ್ಟು ತಂಟೆಗೆ ಕಾರನ್ನೇ ಮೀರಾಹುಸೇನನ ಹೆಸರಿಗೆ ಮಾಡಿಬಿಡು ಎಂದು ತಾಯಿ ಹೇಳಿದಳು. ಅದಕ್ಕೂ ಬಂದಿದ್ದೆ. ವರ್ಗಾವಣೆ ಅರ್ಜಿಯಲ್ಲಿ ವಾಹನದ ವರ್ಗ ಎಂಬ ಖಾನೆಯಿದೆ. ವರ್ಗ ಎರಡಿರುವುದರಿಂದ ಅರ್ಜಿ ಸ್ವೀಕರಿಸಲಾಗದು ಎಂದರು. ಮಾರಲೂ ಆಗದ, ಓಡಿಸಲೂ ಆಗದ, ಇಳಿಯಲೂ ಆಗದ ಕಾರಿನ ಒಡೆಯ ನಾನು. ಐಶ್ವರ್ಯ ಸದ್ಯ ಸಹಪಾಠಿ ಉಮ್ಮೇ ಕುಲ್ಸುಮಳ ಮನೆಯಲ್ಲಿ ಚಾಪೆ ಹಾಸಿಕೊಂಡಿದ್ದಾಳೆ. ಆ ಮನೆಯವರು ಏನೂ ಅನ್ನುವುದಿಲ್ಲ. ಅನ್ನದಿರುವುದೇ ಅವಳಿಗೆ ಕಷ್ಟ. ಮುಂದಿನ ಸೋಮವಾರ ಸಂಜೆ ಐದರವರೆಗೆ ಮಂಚ ಇಟ್ಟಿರುತ್ತೇನೆ, ಆಮೇಲೆ ಪಟ್ಟಿಯ ಮುಂದಿನವರಿಗೆ ಕೊಡಲೇಬೇಕು ಎಂದು ವಾರ್ಡನ್ ಹೇಳಿದ್ದಾರೆ. ಹೋದ ಭಾನುವಾರ ಊರಿಗೆ ಬಂದವಳು ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು.

"ಅಪ್ಪಾ, ಎರಡಕ್ಕೂ ಒಬ್ಬರದೇ ಸೈನ್ ಅದ. ನಾ ಪರೀಕ್ಷಾದಾಗ ಒಂದ ಪ್ರಶ್ನಿಗೆ ಎರಡು ಉತ್ತರ ಬರೆದ್ರ ಪಾಸ್ ಮಾಡ್ತಾರೇನು?"

ಆ ಸಹಿ ನಿಮ್ಮದು, ಮಾನ್ಯರೇ. ಅವಳಿಗೆ ಉತ್ತರವೂ ನಿಮ್ಮಿಂದಲೇ ಆಗಲಿ.

ನನ್ನ ಬೇಡಿಕೆ ಒಂದೇ. ಎರಡು ಕಡತಗಳನ್ನೂ ಒಂದೇ ಮೇಜಿನ ಮೇಲೆ ತರಿಸಿ, ಆರನೇ ಕೌಂಟರಿನ ಕಾಗದ ರದ್ದಾಯಿತೆಂದು ಎರಡು ಸಾಲು ಬರೆದು, ಸೋಮವಾರ ಐದರೊಳಗೆ ಹಾಸ್ಟೆಲಿಗೆ ಮುಟ್ಟಿಸಿ. ಇನ್ನೂ ಸಂಶಯವಿದ್ದರೆ ನೀವೇ ಕುಳಿತು ನೋಡಿ. ಆಷಾಢವಾದ್ದರಿಂದ ಮದುವೆಗಳಿಲ್ಲ, ಕಾರಿಗೂ ಟ್ರ್ಯಾಕ್ಟರಿಗೂ ಬಾಜಾದವರಿಗೂ ಬಿಡುವಿದೆ. ನಡಿಗೆಯ ವೇಗದಲ್ಲಿ ಮಾನ್ವಿಯಿಂದ ರಾಯಚೂರು ಮುಟ್ಟಬೇಕಾದ್ದರಿಂದ ಭಾನುವಾರವೇ ಹೊರಡುತ್ತೇವೆ. ನಿಮಗಾಗಿ ಪತ್ರಿಕೆಯನ್ನೂ ಬರೆದಿದ್ದೇನೆ:

ಸೋಮವಾರ ಹತ್ತು ಗಂಟೆಗೆ, ನಿಮ್ಮ ಕಚೇರಿ ಬಾಗಿಲಿಗೆ,
ಟ್ರ್ಯಾಕ್ಟರ್ ಮುಂದೆ, ಕಾರು ಹಿಂದೆ, ಬರುವೆವು ಪರಿಶೀಲನೆಗೆ.
ಉಡುಗೊರೆ ಬೇಡ, ಹಾರವೂ ಬೇಡ, ಒಂದೇ ಕಾಗದ ಸಾಕು ನಮಗೆ,
ಹಾಸ್ಟೆಲಿನಲ್ಲಿ ಒಂದು ಮಂಚ ಕಾದಿದೆ ನಮ್ಮ ಮಗಳಿಗೆ.

ಪಕ್ಕದ ಸೀಟು ಖಾಲಿ ಇರುತ್ತದೆ. ನಿಮ್ಮನ್ನು ಎಬ್ಬಿಸಲು ನನ್ನ ತಾಯಿಯೂ ಬರುತ್ತಾಳೆ.

ಇಂತಿ,
ನಾಲ್ಕನೇ ಕೌಂಟರಿನಲ್ಲಿ ಬಡವ, ಆರನೇ ಕೌಂಟರಿನಲ್ಲಿ ಸಾಹುಕಾರ,
ನಡುವಿನ ನೀರಿನ ಡ್ರಮ್ಮಿನ ಬಳಿ ನಿಂತಿರುವ
ಮೌನೇಶ, ಬಿ.ಎ.
ಮಾನ್ವಿ

(ನಿಮ್ಮ ಇನ್‌ಸ್ಪೆಕ್ಟರರ ಎಡಗಾಲಿನ ಚಪ್ಪಲಿ ಇನ್ನೂ ಕಾರಿನಲ್ಲೇ ಇದೆ. ತೆಗೆಯಲು ಯಾರಾದರೂ ಒಳಗೆ ಇಳಿಯಬೇಕು, ಯಾರೂ ಒಪ್ಪುತ್ತಿಲ್ಲ.)