ಖಾಲಿ ಬಿಟ್ಟ ಹದಿನಾರು ಮಾತ್ರೆ

ಜಮಖಂಡಿ
9 ಫೆಬ್ರುವರಿ 2025

ಸ್ನೇಹಾಳ ಅಪ್ಪನವರಿಗೆ ಮಂಗಲಾಳ ನಮಸ್ಕಾರಗಳು.

ನಮ್ಮ ಸಾಲೆಯ ವಾರ್ಷಿಕ ಗ್ಯಾದರಿಂಗ್ ಮೊನ್ನೆ ಮುಗಿಯಿತು. ನೀವು ವಾದ್ಯಗಳಿಗೆ ಹೊಂದಿಸಿ ಕಳಿಸಿದ ಹಾಡುಗಳು ಹೇಗಾದವು ಎಂದು ತಿಳಿಸಬೇಕಾದದ್ದು ನ್ಯಾಯ, ಅದಕ್ಕೆ ಈ ಪತ್ರ.

ಮಕ್ಕಳ ಕಾರ್ಟೂನ್ ಸಿನಿಮಾದ ಮೂರು ಹಾಡುಗಳನ್ನು ಹದಿನಾಲ್ಕು ವಾದ್ಯಗಳಿಗೆ ಹಂಚುವುದು ಬರಿಯ ಹಾರ್ಮೋನಿಯಂ ಪೇಟಿ ಕಲಿಸುವ ನನ್ನಿಂದ ಆಗುತ್ತಿರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ಕೇಳದೆಯೇ ಮುಧೋಳಕ್ಕೆ, ನಿಮ್ಮ ಬ್ಯಾಂಡ್ ಕಂಪನಿಗೆ ಹೇಳಿ ಕಳಿಸಿದ್ದರು. ವಾದ್ಯಕ್ಕೊಂದು ಹಾಳೆ ಬಂತು. ನಿಮ್ಮ ಅಕ್ಷರ ಸ್ನೇಹಾಳ ಕಣ್ಣಿಗೆ ಬೀಳಬಾರದೆಂದು ಎಲ್ಲವನ್ನೂ ನಾನೇ ನಕಲು ಮಾಡಿ ಮಕ್ಕಳಿಗೆ ಕೊಟ್ಟೆ. ಯಾರು ಬರೆದದ್ದು ಎಂದು ಅವಳು ಕೇಳಿದಾಗ, ಬೆಳಗಾವಿಯ ಒಬ್ಬ ಮಾಸ್ತರರು ಎಂದೆ.

ಕಡಲಿಗೆ ಹೋಗುವ ಆಮೆ ಮರಿಯ ಹಾಡಿನಲ್ಲಿ ಒಂದು ಕಡೆ ಎಲ್ಲ ವಾದ್ಯಗಳೂ ನಿಂತುಬಿಡುತ್ತಿದ್ದವು. ತಾಳದ ಹದಿನಾರು ಮಾತ್ರೆ ಖಾಲಿ. ನೀವು ಮರೆತಿದ್ದೀರಿ ಎಂದುಕೊಂಡು ಅಲ್ಲಿ ನಾನೇ ಪೇಟಿ ನುಡಿಸಿ ತುಂಬಿದೆ. ಮೂರನೆಯ ದಿನದ ತಾಲೀಮಿನಲ್ಲಿ ಸ್ನೇಹಾ ಕೊಳಲನ್ನು ತುಟಿಯಿಂದ ತೆಗೆದಳು.

“ಅವ್ವಾ, ಇಲ್ಲಿ ಪೇಟಿ ಬ್ಯಾಡ. ಇಲ್ಲಿ ಅಪ್ಪ ಶಿಳ್ಳಿ ಹೊಡೀತಿದ್ದ.”

ಟೀವಿಯ ಮುಂದೆ ಕುಳಿತು ನೀವಿಬ್ಬರೂ ಆ ಸಿನಿಮಾ ನೋಡುತ್ತಿದ್ದುದು ನನಗೆ ಆಗ ನೆನಪಾಯಿತು. ಅವಳಿಗಾಗ ಆರು ವರ್ಷ.

“ಇದನ್ನ ಅಪ್ಪನಽ ಬರದಾನ. ಖರೆ ಹೇಳ.”

ಹೌದು ಎಂದೆ.

“ಮತ್ತ ಬೆಳಗಾವಿ ಮಾಸ್ತರ ಅಂದಿ?”

ಉಳಿದ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಹಾಳೆಗಳನ್ನು ಜೋಡಿಸತೊಡಗಿದೆ. “ಆತು” ಎಂದಷ್ಟೇ ಹೇಳಿ ಅವಳು ಕೊಳಲು ಎತ್ತಿಕೊಂಡಳು. ಆಮೇಲೆ ನಾಲ್ಕು ದಿನ ಊಟಕ್ಕೆ, ಸಾಲೆಗೆ ಬೇಕಾದಷ್ಟೇ ಮಾತು.

ಗ್ಯಾದರಿಂಗ್ ದಿನ ಆ ಜಾಗ ಬಂದಾಗ ನಾನು ಪೇಟಿಯಿಂದ ಕೈ ತೆಗೆದೆ. ಅವಳು ಶಿಳ್ಳೆ ಹಾಕಿದಳು. ತುಟಿ ಒಣಗಿ ಮೊದಲು ಬರಿ ಗಾಳಿ ಬಂತು. ಮುಂದೆ ಕುಳಿತವರು ನಕ್ಕರು. ಅವಳು ಬಿಡಲಿಲ್ಲ. ಐದನೆಯ ಮಾತ್ರೆಯಿಂದ ಸ್ವರ ಸರಿಯಾಗಿ ನಿಂತಿತು. ಹದಿನಾರು ಮುಗಿದೊಡನೆ ಎಲ್ಲ ವಾದ್ಯಗಳೂ ಒಟ್ಟಿಗೆ ಎದ್ದವು, ಒಂದೂ ತಪ್ಪಲಿಲ್ಲ.

ಕಾರ್ಯಕ್ರಮದ ಹಾಳೆಯಲ್ಲಿ ನಿಮ್ಮ ಹೆಸರಿರಲಿಲ್ಲ. ನಾನೇ ಮೈಕಿನ ಹತ್ತಿರ ಹೋಗಿ, ಇವನ್ನು ಹೊಂದಿಸಿದವರು ಮುಧೋಳದ ಚಿದಾನಂದ, ಸ್ನೇಹಾಳ ತಂದೆ ಎಂದು ಹೇಳಿದೆ. ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಇದರಿಂದ ನಮ್ಮಿಬ್ಬರ ನಡುವಿನದು ಏನೂ ಬದಲಾಗಿಲ್ಲ. ನಾನು ಮುಧೋಳಕ್ಕೆ ಬರುವವಳಲ್ಲ.

ಇತಿ,
ಮಂಗಲಾ

ತಾ.ಕ.: ನಿಮ್ಮ ನಂಬರನ್ನು ನಾನು ಬ್ಲಾಕ್ ಮಾಡಿದ್ದೆ. ಅಪ್ಪ ಒಮ್ಮೆಯೂ ಫೋನ್ ಮಾಡಲಿಲ್ಲ ಎಂದು ಐದು ವರ್ಷ ಅವಳಿಗೆ ಹೇಳುತ್ತ ಬಂದೆ. ನಿನ್ನೆ ನಿಜ ಹೇಳಿದೆ. ಬಹಳ ಅತ್ತಳು, ನನ್ನನ್ನು ಹತ್ತಿರ ಬರಗೊಡಲಿಲ್ಲ. ಈಗ ಬ್ಲಾಕ್ ತೆಗೆದಿದ್ದೇನೆ. ದಿನಾ ಸಂಜೆ ಆರಕ್ಕೆ ಫೋನ್ ಅವಳ ಕೈಯಲ್ಲಿರುತ್ತದೆ. ಆ ಹೊತ್ತಿಗೆ ನಾನು ಹೊರಗೆ ಕಟ್ಟೆಯ ಮೇಲೆ ಕೂಡುತ್ತೇನೆ.